ಸೈಕಲ್ಲಿನ ಮೇಲೆ ಒಂದು ದಿನ: ‘ಫುಲ್ ಟಿಲ್ಟ್’ ಓದಿದ ಮೇಲೆ

ಪ್ರವಾಸ ಕಥನವೆಂದರೆ ನಮ್ಮ ಭಾಷೆಯಲ್ಲಿ ಬಹುಮಟ್ಟಿಗೆ ತಲುಪಿದ ಊರಿನ ಕಥನ. ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು, ಗೊರೂರರು ಅಮೆರಿಕೆಗೆ ಹೋಗಿ ಬಂದು ಬರೆದರು, ವಿ. ಸೀ. ಅವರ ‘ಪಂಪಾಯಾತ್ರೆ’ಯಲ್ಲಿ ಹಂಪೆಯೇ ಕಥಾನಾಯಕ. ಇವೆಲ್ಲ ನಮಗೆ ಪ್ರಿಯವಾದ ಪುಸ್ತಕಗಳೇ; ಅವುಗಳ ಬಗ್ಗೆ ದೂರು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಊರಿಗೂ ಮತ್ತೊಂದು ಊರಿಗೂ ನಡುವೆ ಇರುವ ನೆಲದ ಗತಿಯೇನು? ಮುಂಬಯಿಯಿಂದ ವರ್ಷಕ್ಕೆ ಒಂದೆರಡು ಸಲ ಊರಿಗೆ ಹೋಗಿ ಬರುವ ನಮಗಂತೂ ದಾರಿಯೆಂದರೆ ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡಿ ಕಳೆಯಬೇಕಾದ ಹೊತ್ತು. ಕಣ್ಣು ಬಿಟ್ಟಾಗ ಊರು ಬಂದಿರಬೇಕು, ಅಷ್ಟೆ. ನಡುವಿನ ನೆಲ ಯಾರದೋ, ಅಲ್ಲಿ ಯಾರು ಏನು ಉಂಡರೋ, ನಮಗೆ ಬೇಕಿಲ್ಲ.

ಈ ನಡುವಿನ ನೆಲವನ್ನೇ ವಿಷಯವಾಗಿ ಉಳ್ಳ ಪುಸ್ತಕವೊಂದು ಫ್ಲೋರಾ ಫೌಂಟನ್ ಹತ್ತಿರ ಹಳೆಯ ಪುಸ್ತಕ ಮಾರುವವರ ಗುಡ್ಡೆಯಲ್ಲಿ ನನಗೆ ದೊರಕಿತು. ಐರ್ಲೆಂಡಿನ ಲೇಖಕಿ ಡರ್ವ್ಲಾ ಮರ್ಫಿಯವರ ‘ಫುಲ್ ಟಿಲ್ಟ್’. 1965ರಲ್ಲಿ ಲಂಡನ್ನಿನ ಜಾನ್ ಮರ್ರೆ ಸಂಸ್ಥೆ ಪ್ರಕಟಿಸಿದ ಕೃತಿ. ಐರ್ಲೆಂಡಿನಿಂದ ಹಿಂದೂಸ್ಥಾನಕ್ಕೆ ಸೈಕಲ್ ಮೇಲೆ ಬಂದ ಕಥೆ. ಸೈಕಲ್ಲಿನ ಮೇಲೆ ಹಳ್ಳಿಗಾಡಿನ ರಸ್ತೆಯಲ್ಲಿ ದಿನವಿಡೀ ಸಾಗುವವನಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬ ಪ್ರಶ್ನೆಗೆ ಈ ಪುಸ್ತಕದಷ್ಟು ಸವಿಯಾದ ಉತ್ತರವನ್ನೂ, ಇದರಷ್ಟು ಅರ್ಧಂಬರ್ಧವಾದ ಉತ್ತರವನ್ನೂ ನಾನು ಬೇರೆಡೆ ಕಂಡಿಲ್ಲ. ಎರಡು ಮಾತನ್ನೂ ವಿವರಿಸಬೇಕಾದ ಹೊಣೆ ನನ್ನದು.

ಮೊದಲು ಲೇಖಕಿಯ ವಿಚಾರ. ಮರ್ಫಿ ಹುಟ್ಟಿದ್ದು 1931ರಲ್ಲಿ, ವಾಟರ್‌ಫರ್ಡ್ ಕೌಂಟಿಯ ಲಿಸ್ಮೋರ್ ಎಂಬ ಚಿಕ್ಕ ಊರಿನಲ್ಲಿ. ಹತ್ತನೆಯ ಹುಟ್ಟುಹಬ್ಬಕ್ಕೆ ಮನೆಯವರು ಎರಡು ಉಡುಗೊರೆ ಕೊಟ್ಟರು: ಒಂದು ಹಳೆಯ ಸೈಕಲ್ಲು, ಒಂದು ಭೂಪಟಗಳ ಪುಸ್ತಕ. ಕೆಲವೇ ದಿನಗಳಲ್ಲಿ, ಊರ ಹತ್ತಿರದ ಗುಡ್ಡವನ್ನು ಹತ್ತುತ್ತಿದ್ದಾಗ, ತನ್ನ ಕಾಲುಗಳನ್ನೇ ನೋಡಿಕೊಂಡು, ಇವು ಹೀಗೆಯೇ ತಿರುಗುತ್ತ ಹೋದರೆ ಇಂಡಿಯಾ ತಲುಪಬಹುದಲ್ಲ ಎಂದು ಹುಡುಗಿ ನಿಶ್ಚಯಿಸಿದಳಂತೆ. ನಿಶ್ಚಯ ನೆರವೇರಲು ಇಪ್ಪತ್ತೊಂದು ವರ್ಷ ಹಿಡಿಯಿತು. ತಾಯಿಗೆ ಸಂಧಿವಾತ, ಹಾಸಿಗೆ ಹಿಡಿದ ಜೀವ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಮಗಳು ತಾಯಿಯ ಸೇವೆಗೆ ನಿಂತರು. ತಂದೆ ತೀರಿದ ಮರುವರ್ಷ, 1962ರಲ್ಲಿ, ತಾಯಿಯೂ ತೀರಿಕೊಂಡರು. 1963ರ ಜನವರಿಯಲ್ಲಿ, ಯೂರೋಪು ಹಿಮದಲ್ಲಿ ಹೂತುಹೋಗಿದ್ದಾಗ, ಮರ್ಫಿ ಡಂಕರ್ಕ್‌ನಿಂದ ಹೊರಟರು. ಜುಲೈ ತಿಂಗಳಲ್ಲಿ ದೆಹಲಿಗೆ ಬಂದರು.

ಈ ಗೃಹಬಂಧನದ ಕಥೆಯನ್ನು ‘ಫುಲ್ ಟಿಲ್ಟ್’ ವಿವರವಾಗಿ ಹೇಳುವುದಿಲ್ಲ. ಅದು ತಿಳಿಯುವುದು 1979ರಲ್ಲಿ ಬಂದ ‘ವೀಲ್ಸ್ ವಿದಿನ್ ವೀಲ್ಸ್’ ಎಂಬ ಆತ್ಮಕಥೆಯಿಂದ. ಎರಡನ್ನೂ ಓದಿದವರಿಗೆ ಮಾತ್ರ ಮೊದಲ ಪುಸ್ತಕದ ಪ್ರತಿ ಬೆಳಗಿನ ಉಲ್ಲಾಸದ ಬೆಲೆ ಗೊತ್ತಾಗುತ್ತದೆ. ಹದಿನಾರು ವರ್ಷ ಔಷಧಿಯ ಹೊತ್ತು, ಊಟದ ಹೊತ್ತು, ಮಗ್ಗುಲು ಬದಲಿಸುವ ಹೊತ್ತು ಎಂದು ಗಡಿಯಾರ ನೋಡಿ ಬದುಕಿದವರು ಈಗ ಸೂರ್ಯನನ್ನು ನೋಡಿ ಹೊರಡುತ್ತಿದ್ದಾರೆ. ನಮ್ಮ ಮನೆಗಳಲ್ಲಿ ಅತ್ತೆಯ, ತಾಯಿಯ ಶುಶ್ರೂಷೆಯಲ್ಲಿ ನಡುವಯಸ್ಸು ಸವೆಸಿದ ಹೆಂಗಸರು ಎಷ್ಟಿಲ್ಲ! ಅವರು ಈ ಪುಸ್ತಕವನ್ನು ಓದಿದರೆ ಸಾಹಸವನ್ನಲ್ಲ, ಆ ಬೆಳಗನ್ನೇ ಮೊದಲು ಗುರುತಿಸಿಯಾರು.

ಸಾಹಸಕ್ಕೇನೂ ಕೊರತೆಯಿಲ್ಲ. ಯುಗೊಸ್ಲಾವಿಯದ ಹಿಮದಲ್ಲಿ ತೋಳಗಳು ಮೈಮೇಲೆ ಬಿದ್ದವು. ಪಿಸ್ತೂಲಿನಿಂದ ಹೊಡೆದರು. ತುರ್ಕಿಯ ಪೂರ್ವದ ಅಂಚಿನ ಊರಿನಲ್ಲಿ ನಡುರಾತ್ರಿ ಹಾಸಿಗೆಯ ಪಕ್ಕದಲ್ಲಿ ಒಬ್ಬ ಆಜಾನುಬಾಹು ನಿಂತಿದ್ದ. ಚಾವಣಿಗೆ ಗುಂಡು ಹಾರಿಸಿ ಓಡಿಸಿದರು. ಬೇರೆಯವರಾಗಿದ್ದರೆ ಇವುಗಳಿಂದಲೇ ಒಂದು ಪುಸ್ತಕ ಕಟ್ಟುತ್ತಿದ್ದರು. ಮರ್ಫಿ ಏನು ಮಾಡಿದರು ನೋಡಿ: ಡಂಕರ್ಕ್‌ನಿಂದ ತೆಹರಾನಿನವರೆಗಿನ ಕಥೆಯನ್ನೆಲ್ಲ, ತೋಳಗಳ ಸಮೇತ, ಪೀಠಿಕೆಯಲ್ಲಿಯೇ ಮುಗಿಸಿಬಿಟ್ಟರು. ಪುಸ್ತಕವು ಪುಸ್ತಕವಾಗುವುದು ಅಲ್ಲಿಂದ ಮುಂದೆ, ದಿನಚರಿಯ ರೂಪದಲ್ಲಿ. ಅಂದಂದಿನ ಬರಹವನ್ನು ಅಂದಂದೇ ಬರೆದು, ಊರಿನ ಗೆಳೆಯರಿಗೆ ಅಂಚೆಯಲ್ಲಿ ಕಳುಹಿಸಿದ್ದರಿಂದ ಉಳಿದುಬಂದ ಗದ್ಯ ಅದು. ತೋಳ ಪೀಠಿಕೆಗೆ, ಚಹಾದಂಗಡಿ ಪುಸ್ತಕಕ್ಕೆ. ಇಷ್ಟು ಆರೋಗ್ಯವಾದ ಸಾಹಿತ್ಯ ವಿವೇಕ ಎಲ್ಲ ಪ್ರವಾಸಿಗಳಿಗೂ ಬರುವುದಿಲ್ಲ.

ದಿನವೇ ಈ ಪುಸ್ತಕದ ಅಳತೆ. ಅಧ್ಯಾಯಗಳಿವೆ ನಿಜ, ಆದರೆ ಅವು ಹೊಲಿಗೆ ಮಾತ್ರ. ಬೆಳಗಾಗುತ್ತದೆ, ಚೀಲ ಕಟ್ಟುತ್ತಾರೆ, ನಾನು, ಮೊಟ್ಟೆ, ಚಹಾ ಹೊಟ್ಟೆಗೆ ಬೀಳುತ್ತದೆ. (‘ನಾನು’ ಎಂದರೆ ಇಲ್ಲಿ ರೊಟ್ಟಿ, ಕನ್ನಡದಲ್ಲಿ ಬರೆಯುವಾಗ ಈ ತೊಡಕು ಬೇರೆ!) ಏರು ಬರುತ್ತದೆ, ಇಳಿದು ತಳ್ಳುತ್ತಾರೆ. ಬಿಸಿಲು ನೆತ್ತಿಗೆ ಬಂದಾಗ ನೆರಳು ಹುಡುಕುತ್ತಾರೆ. ಸಂಜೆ ಎಲ್ಲಿಯಾಗುತ್ತದೋ ಅಲ್ಲಿ, ಯಾರು ಜಾಗ ಕೊಡುತ್ತಾರೋ ಅವರ ಜಗಲಿಯಲ್ಲಿ ಹಾಸಿಗೆ. ಸರಾಸರಿ ದಿನಕ್ಕೆ ಎಪ್ಪತ್ತು ಎಂಬತ್ತು ಮೈಲು ಎಂಬುದು ಆಕೆಯದೇ ಲೆಕ್ಕ. ಒಮ್ಮೆ 118, ಒಮ್ಮೆ ಬರೀ 19. ಹತ್ತೊಂಬತ್ತು ಮೈಲಿನ ದಿನಕ್ಕೂ ನೂರ ಹದಿನೆಂಟರ ದಿನಕ್ಕೂ ಪುಸ್ತಕದಲ್ಲಿ ಒಂದೇ ಮರ್ಯಾದೆ. ಬಹಳ ಸಲ ಕಡಿಮೆ ಮೈಲಿನ ದಿನಕ್ಕೇ ಹೆಚ್ಚು ಪುಟ. ಇದು ಸಹಜವೇ, ಎಲ್ಲಿ ನಿಂತರೋ ಅಲ್ಲಿ ಮನುಷ್ಯರು ಸಿಕ್ಕರು.

ಸೈಕಲ್ಲಿನ ವಿಚಾರವನ್ನು ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ಈ ಗದ್ಯದ ನಡೆಗೂ ಆ ಯಂತ್ರದ ನಡೆಗೂ ನೇರ ಸಂಬಂಧವಿದೆ. ಅದು ಆರ್ಮ್‌ಸ್ಟ್ರಾಂಗ್ ಕೆಡೆಟ್ ಎಂಬ ಗಂಡಸರ ಸೈಕಲ್ಲು. ಡಾನ್ ಕ್ವಿಕ್ಸೋಟನ ಬಡಕಲು ಕುದುರೆ ರೋಸಿನಾಂಟೆಯ ಹೆಸರನ್ನು ಮೊಟಕುಗೊಳಿಸಿ ‘ರಾಜ್’ ಎಂದು ಕರೆದರು. ತೂಕ 37 ಪೌಂಡು. ಮೇಲೆ ಸಾಮಾನು 28 ಪೌಂಡು. ಅದರಲ್ಲಿದ್ದ ಗೇರುಗಳನ್ನು, ಏಷ್ಯದ ರಸ್ತೆಗೆ ತಾಳಲಾರವೆಂದು, ಹೊರಡುವ ಮೊದಲೇ ಬಿಚ್ಚಿಸಿಬಿಟ್ಟರು. ಗೇರು ಹೋದ ಮೇಲೆ ದೊಡ್ಡ ಏರಿನಲ್ಲಿ ಇಳಿದು ತಳ್ಳದೆ ವಿಧಿಯಿಲ್ಲ.

ನಾನು ವಿಜ್ಞಾನ ಓದಿದವನು, ಪದವಿಯ ನಂತರ ಕಡತಗಳ ನಡುವೆ ಅದರ ಪ್ರಯೋಜನ ಹೆಚ್ಚೇನೂ ಆಗಲಿಲ್ಲ, ಇಲ್ಲಿಯಾದರೂ ಆಗಲಿ. ಸೈಕಲ್ಲು, ಸಾಮಾನು, ಸವಾರ ಎಲ್ಲ ಸೇರಿ ತೊಂಬತ್ತು ಕಿಲೊ ಎಂದಿಟ್ಟುಕೊಳ್ಳಿ. ಮುನ್ನೂರು ಮೀಟರ್ ಎತ್ತರದ ಘಟ್ಟವನ್ನು ಏರಿಸಲು ಬೇಕಾದ ಕೆಲಸ ಸುಮಾರು ಎರಡು ಲಕ್ಷ ಅರವತ್ತೈದು ಸಾವಿರ ಜೂಲ್. ನಮ್ಮ ಸ್ನಾಯುಗಳು ತಿಂದದ್ದರಲ್ಲಿ ಕಾಲುಭಾಗವನ್ನಷ್ಟೇ ಕೆಲಸವಾಗಿ ಮಾಡಬಲ್ಲವು, ಉಳಿದದ್ದು ಬೆವರು. ಆ ಲೆಕ್ಕದಲ್ಲಿ ಘಟ್ಟವೊಂದಕ್ಕೆ ಎರಡು ಮೂರು ಚಪಾತಿ. ಸಮತಟ್ಟಿನಲ್ಲಿ ಶತ್ರು ಗಾಳಿ. ಅದರ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನದಂತೆ. ವೇಗವನ್ನು ಇಮ್ಮಡಿ ಮಾಡಬೇಕಾದರೆ ಎಂಟು ಪಟ್ಟು ದುಡಿಯಬೇಕು. ಆದ್ದರಿಂದಲೇ ದೂರದ ಸವಾರ ಗಂಟೆಗೆ ಹದಿನೈದು ಇಪ್ಪತ್ತು ಕಿಲೊಮೀಟರಿಗೆ ತಾನಾಗಿಯೇ ಒಗ್ಗಿಕೊಳ್ಳುತ್ತಾನೆ. ಆ ವೇಗದಲ್ಲಿ ಕಿವಿಗೆ ಗಾಳಿಯ ಮೊರೆತ ತುಂಬುವುದಿಲ್ಲ. ಹೊಲದಲ್ಲಿ ಕರೆದವರ ದನಿ ಕೇಳುತ್ತದೆ, ಕರೆದರೆ ನಿಲ್ಲಬಹುದು. ನಡೆಯುವವನಿಗೆ ಒಂದು ದಿನದಲ್ಲಿ ಒಂದೇ ಸೀಮೆ. ಬಸ್ಸಿನವನಿಗೆ ಹತ್ತು ಸೀಮೆ, ಆದರೆ ಗಾಜಿನ ಆಚೆ. ಸೈಕಲ್ಲಿನವನಿಗೆ ಬೆಳಗ್ಗೆ ಹೊರಟ ಸೀಮೆಯ ಮಣ್ಣು, ಮಾತು, ರೊಟ್ಟಿ ಎಲ್ಲವೂ ಸಂಜೆಯೊಳಗೆ ಬದಲಾಗುವುದು ತನ್ನ ಕಣ್ಣೆದುರಿಗೇ ನಡೆಯುತ್ತದೆ. ಮರ್ಫಿಯವರ ಗದ್ಯದ ಗುಟ್ಟು ಇಷ್ಟೇ. ಸಿಂಧೂ ಕಣಿವೆಯ ಸುಡುವ ಬಂಡೆಗಳ ದಾರಿಗೂ, ಹದಿಮೂರು ಸಾವಿರ ಅಡಿಗೂ ಮೀರಿದ ಬಾಬೂಸರ್ ಕಣಿವೆಯ ಹಿಮದಲ್ಲಿ ಸೈಕಲ್ಲನ್ನು ಎಳೆದು ಹೊತ್ತು ದಾಟಿದ ದಿನಕ್ಕೂ ನಡುವೆ ಕೆಲವೇ ಪುಟಗಳು. ಆದರೂ ಒಂದು ಇನ್ನೊಂದಾದದ್ದು ಓದುಗನಿಗೆ ಜಿಗಿತವಾಗಿ ತೋರುವುದಿಲ್ಲ. ಒಂದೊಂದು ಅಡಿಯನ್ನೂ ಆಕೆ ಏರಿದ್ದಾರೆ, ನಾವೂ ಏರಿರುತ್ತೇವೆ.

ಪಕ್ಕೆಲುಬು ಮುರಿದುಕೊಂಡದ್ದು ಮಾತ್ರ ಸೈಕಲ್ಲಿನಿಂದ ಬಿದ್ದಲ್ಲ, ಆಫ್ಘಾನಿಸ್ಥಾನದಲ್ಲಿ ಬಸ್ಸು ಹತ್ತಿದಾಗ, ಜಗಳದ ನಡುವೆ ಯಾರದೋ ಬಂದೂಕಿನ ಹಿಡಿ ತಗುಲಿ. ಬಸ್ಸಿನ ಬಗ್ಗೆ ಆಕೆಗಿದ್ದ ಅಸಡ್ಡೆಗೆ ಇದರಿಂದ ಬಲವಾದ ಆಧಾರ ಸಿಕ್ಕಿತೆನ್ನಬೇಕು.

ಈ ಮೇಲ್ಮೆ ಕಾಣಬೇಕಾದರೆ ಇದೇ ಜಾತಿಯ ಇನ್ನೆರಡು ಪುಸ್ತಕಗಳ ಪಕ್ಕದಲ್ಲಿ ಇಟ್ಟು ನೋಡಬೇಕು. ಥಾಮಸ್ ಸ್ಟೀವನ್ಸ್ ಎಂಬಾತ 1884ರ ಏಪ್ರಿಲಿನಲ್ಲಿ ಸಾನ್ ಫ್ರಾನ್ಸಿಸ್ಕೋದಿಂದ ಹೊರಟು, ಮುಂದಿನ ಗಾಲಿ ಐವತ್ತು ಇಂಚು ಎತ್ತರದ ಹಳೇ ಮಾದರಿಯ ಸೈಕಲ್ಲಿನಲ್ಲಿ 1886ರ ಡಿಸೆಂಬರಿಗೆ ಯೊಕೊಹಾಮಾ ಮುಟ್ಟಿದ. ನಡುವೆ ಲಾಹೋರಿನಿಂದ ಕಲ್ಕತ್ತಕ್ಕೆ ಗ್ರಾಂಡ್ ಟ್ರಂಕ್ ರಸ್ತೆಯಲ್ಲೂ ಬಂದ. ಎರಡು ದಪ್ಪ ಸಂಪುಟ ಬರೆದಿದ್ದಾನೆ. ಮನುಷ್ಯ ಗಟ್ಟಿಗ, ಸಂಶಯವಿಲ್ಲ. ಆದರೆ ಅವನ ಮುಖ್ಯ ಕಾಳಜಿ ರಸ್ತೆಯ ಮೈ. ಗಾಲಿ ಉರುಳುವಂತಿದ್ದರೆ ಒಳ್ಳೆಯ ದೇಶ, ತಳ್ಳಬೇಕಾದರೆ ಕೆಟ್ಟ ದೇಶ. ಎದುರಾದ ಜನ ಅವನ ಗಾಲಿಗೆ ಬೆರಗಾಗಿ ನೆರೆಯುವ ಗುಂಪು ಮಾತ್ರ.

ಎರಡನೆಯದು ನಮ್ಮ ಮುಂಬಯಿಯದೇ. 1923ರ ಅಕ್ಟೋಬರಿನಲ್ಲಿ ಆರು ಜನ ಪಾರ್ಸಿ ತರುಣರು ಇಲ್ಲಿಂದ ಜಗತ್ತು ಸುತ್ತಲು ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್‌ಗರಾ ಈ ಮೂವರು ನಾಲ್ಕು ವರ್ಷ ಐದು ತಿಂಗಳ ಮೇಲೆ, 1928ರ ಮಾರ್ಚಿನಲ್ಲಿ, ನಲವತ್ತನಾಲ್ಕು ಸಾವಿರ ಮೈಲು ತುಳಿದು ಮರಳಿದರು. 1931ರಲ್ಲಿ ಬಂದ ಅವರ ಪುಸ್ತಕಕ್ಕೆ ಜವಾಹರಲಾಲ್ ನೆಹರೂ ಮುನ್ನುಡಿ ಬರೆದರು. ಪರಾಧೀನ ದೇಶದ ಹುಡುಗರು ‘ನಾವೂ ಬಲ್ಲೆವು’ ಎಂದು ತೋರಿಸಲು ಹೊರಟ ಯಾತ್ರೆ ಅದು. ಅದರ ಗೌರವವೇ ಬೇರೆ. ಮುಂಬಯಿಯಲ್ಲಿ ಅವರಿಗೆ ಸಲ್ಲಬೇಕಾದ ನೆನಪು ಸಂದಿಲ್ಲವೆಂಬುದೂ ನಿಜ. ಆದರೆ ಸಾಹಿತ್ಯವಾಗಿ ನೋಡಿದರೆ ಅಲ್ಲಿ ದೇಶಗಳ ಸಾಲೇ ಹೆಚ್ಚು, ದಿನಗಳು ಕಡಿಮೆ. ಗುರಿ ದೊಡ್ಡದಾದಷ್ಟೂ ಮಂಗಳವಾರದ ಮಧ್ಯಾಹ್ನ ಚಿಕ್ಕದಾಗುತ್ತದೆ. ಮರ್ಫಿಯವರಿಗೆ ದೇಶಕ್ಕಾಗಿ ಏನನ್ನೂ ಸಿದ್ಧಪಡಿಸಿ ತೋರಿಸಬೇಕಾಗಿರಲಿಲ್ಲ. ಆದ್ದರಿಂದ ಮಂಗಳವಾರದ ಮಧ್ಯಾಹ್ನ ಅವರಿಗೆ ದಕ್ಕಿತು. ಇದು ಅರ್ಹತೆಯೋ ಅದೃಷ್ಟವೋ, ಓದುಗರೇ ಯೋಚಿಸಲಿ.

ಪುಸ್ತಕ ಓದಿ ಮುಗಿಸಿದ ಮೇಲೆ ನನಗೂ ಹುಮ್ಮಸ್ಸು ಬಂದದ್ದನ್ನು ಮುಚ್ಚಿಡುವುದಿಲ್ಲ. ಡಿಸೆಂಬರಿನ ರಜೆಯಲ್ಲಿ ಧಾರವಾಡಕ್ಕೆ ಹೋದಾಗ ಭಾವಮೈದುನನ ಗೇರಿಲ್ಲದ ಸೈಕಲ್ಲನ್ನು ಕಡ ಪಡೆದು, ಬೆಳಗಿನ ಆರಕ್ಕೆ ಹಳಿಯಾಳದ ದಾರಿ ಹಿಡಿದು ದಾಂಡೇಲಿಗೆ ಹೊರಟೆ. ಐವತ್ತೈದು ಕಿಲೊಮೀಟರಿಗೆ ಹತ್ತಿರ. ಮರ್ಫಿಯವರ ಲೆಕ್ಕದಲ್ಲಿ ಅರ್ಧ ದಿನದ ಕೆಲಸ, ನನಗೆ ಸಂಜೆಯವರೆಗಿನದು. ಕೊಯ್ಲಾದ ಭತ್ತದ ಗದ್ದೆಗಳು, ಮಂಜು, ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರು. ಹಳಿಯಾಳ ದಾಟಿದ ಮೇಲೆ ದೊಡ್ಡ ರಸ್ತೆ ಬಿಟ್ಟು ಬಳಸಿನ ಒಳದಾರಿ ಹಿಡಿದೆ. ತೇಗದ ಮರಗಳ ನಡುವೆ ಒಣಗಿದ ಎಲೆ ಗಾಲಿಗೆ ಸಿಕ್ಕಿ ಹಪ್ಪಳದಂತೆ ಮುರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅರ್ಧ ಗಂಟೆ ಒಂದು ವಾಹನವೂ ಎದುರಾಗಲಿಲ್ಲ. ಇದೇ, ಇದನ್ನೇ ಆಕೆ ಬರೆದದ್ದು ಎಂದು ಮನಸ್ಸು ಹಿಗ್ಗಿತು. ಮಂಡಿ ನೋಯುತ್ತಿದ್ದುದು ಬೇರೆ ಮಾತು.

ಮುಂದೆ ಒಂದು ಹಳ್ಳಿಯ ಚಹಾದಂಗಡಿಯಲ್ಲಿ ಕುಳಿತೆ. ಅಂಗಡಿಯವರು ವಯಸ್ಸಾದವರು, ನನ್ನನ್ನೂ ಸೈಕಲ್ಲನ್ನೂ ಸರದಿಯಂತೆ ನೋಡಿ ಕೇಳಿದರು:

“ಎಲ್ಲಿಗೆ ಹೊಂಟೀರಿ?”

“ದಾಂಡೇಲಿಗ್ರೀ.”

“ಬಸ್ ತಪ್ಪಿತೇನ್ರಿ?”

“ಇಲ್ರಿ. ಸುಮ್ನ, ಸೈಕಲ್ ಮ್ಯಾಲೆ ಹೋಗೂಣು ಅಂತ. ರಸ್ತಾ ಎಷ್ಟು ಶಾಂತ ಐತಿ ನೋಡ್ರಿ ಇಲ್ಲೆ.”

ಅವರು ಲೋಟ ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು. “ಶಾಂತ ಐತ್ರಿ. ಸಂಜಿ ಬಸ್ ಇಲ್ಲಂತನ ನಮ್ಮ ಮೊಮ್ಮಗಳು ಕಾಲೇಜು ಬಿಟ್ಳು,” ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳುವ ದನಿಯಲ್ಲಿಯೇ ಹೇಳಿದರು.

ಆ ಚಹಾ ಕುಡಿದು ಮತ್ತೆ ಸೈಕಲ್ ಹತ್ತಿದ ಮೇಲೆ ನನಗೆ ‘ಫುಲ್ ಟಿಲ್ಟ್’ ಮೊದಲಿನಂತೆ ಉಳಿಯಲಿಲ್ಲ. ಮುಂಬಯಿಗೆ ಬಂದು ಎರಡನೆಯ ಸಲ ಓದಿದೆ. ನನ್ನ ಆಕ್ಷೇಪಗಳು ಆ ಎರಡನೆಯ ಓದಿನವು.

ಮರ್ಫಿಯವರಿಗೆ ಆಫ್ಘಾನಿಸ್ಥಾನದ ಮೇಲೆ ಪ್ರೇಮ. ಅಂಕುಡೊಂಕು ಕಣಿವೆಗಳು, ಬಾಮಿಯಾನಿನ ಬೃಹತ್ ಬುದ್ಧವಿಗ್ರಹಗಳು, ಹಣ ಕೇಳದೆ ಮನೆಯೊಳಗೆ ಕರೆದವರ ಆತಿಥ್ಯ, ಎಲ್ಲಕ್ಕಿಂತ ಹೆಚ್ಚಾಗಿ ಮೋಟಾರು ಇನ್ನೂ ಕೆಡಿಸದ ರಸ್ತೆಗಳು. ಆ ಕಾಲಕ್ಕೆ ರಷ್ಯದವರು ಒಂದು ಕಡೆಯಿಂದ, ಅಮೆರಿಕದವರು ಇನ್ನೊಂದು ಕಡೆಯಿಂದ ಅಲ್ಲಿ ಹೊಸ ಹೆದ್ದಾರಿಗಳನ್ನು ಕಟ್ಟುತ್ತಿದ್ದರು. ಇದು ಲೇಖಕಿಗೆ ಹಿಡಿಸದು. ಈ ಸೊಗಸೆಲ್ಲ ಹಾಳಾಗುತ್ತದಲ್ಲ ಎಂಬ ಮರುಕ ಪುಸ್ತಕದ ಉದ್ದಕ್ಕೂ ಹರಿಯುತ್ತದೆ. ಒಂದು ದಿನ ಹಾದುಹೋಗುವವರಿಗೆ ಈ ಮರುಕ ಸುಲಭ. ರಸ್ತೆ ನಿರ್ಜನವಾಗಿರುವುದಕ್ಕೆ ಕಾರಣವೇನೆಂದು ಆಕೆ ವಿಚಾರಿಸುವುದಿಲ್ಲ. ರಸ್ತೆ ಖಾಲಿಯಿದೆಯೆಂದರೆ ಅದರ ಮೇಲೆ ಹೋಗಲು ಯಾರಿಗೂ ಎಲ್ಲಿಯೂ ಕೆಲಸವಿಲ್ಲ, ಆಸ್ಪತ್ರೆಯಿಲ್ಲ, ಕಾಲೇಜಿಲ್ಲ ಎಂದೂ ಅರ್ಥವಾಗಬಹುದು. ಅಂಥ ರಸ್ತೆಗಳ ಕೊನೆಯ ಊರುಗಳಿಂದ ಹೊರಟು ಬಂದವರೇ ಅಲ್ಲವೇ ಈ ಪತ್ರಿಕೆಯ ಓದುಗರಲ್ಲಿ ಅನೇಕರು? ನಮ್ಮ ತಂದೆಯವರು ಸೈಕಲ್ ತುಳಿದು ಹೈಸ್ಕೂಲಿಗೆ ಹೋಗುತ್ತಿದ್ದ ಹಾದಿಯಲ್ಲಿ ಒಬ್ಬ ವಿದೇಶೀಯಳು ಬಂದು, ಆಹಾ, ಇದು ಹೀಗೆಯೇ ಇರಲಿ ಎಂದು ಹರಸಿ ಹೋಗಿದ್ದರೆ ಅವರಿಗೆ ಹೇಗನ್ನಿಸುತ್ತಿತ್ತು?

ಕರ್ನಾಟಕದಲ್ಲಿ 2006-07ರಿಂದ ಕೆಲವು ವರ್ಷ ಸರಕಾರಿ ಶಾಲೆಯ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ನಡೆಯಿತು. ಸಮವಸ್ತ್ರದ ಹುಡುಗಿಯರು ಸಾಲಾಗಿ ಸೈಕಲ್ ಮೇಲೆ ಹೋಗುವ ದೃಶ್ಯ ನಮ್ಮ ಹಳ್ಳಿಯ ರಸ್ತೆಗಳಲ್ಲಿ ಹೊಸದಾಗಿ ಕಂಡದ್ದು ಆಗ. ಅವರಿಗೂ ಸೈಕಲ್ಲು ಬಿಡುಗಡೆಯೇ; ಮರ್ಫಿಯವರ ಹತ್ತನೆಯ ಹುಟ್ಟುಹಬ್ಬದ ಸೈಕಲ್ಲಿಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆಯಿದೆ. ಆದರೆ ಅವರು ರಸ್ತೆ ಖಾಲಿಯಿರಲಿ ಎಂದು ಹೊರಟವರಲ್ಲ, ರಸ್ತೆಯ ತುದಿಯಲ್ಲಿ ಶಾಲೆಯಿದೆಯೆಂದು ಹೊರಟವರು.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ರಷ್ಯದವರು ಕಟ್ಟಿದ ಸಾಲಂಗ್ ಸುರಂಗ 1964ರಲ್ಲಿ ತೆರೆಯಿತು. 1979ರ ಡಿಸೆಂಬರಿನಲ್ಲಿ ಅವರ ಸೈನ್ಯ ಕಾಬೂಲಿನತ್ತ ಬಂದದ್ದೂ ಆ ರಸ್ತೆಯಲ್ಲೇ. 2001ರ ಮಾರ್ಚಿನಲ್ಲಿ ಬಾಮಿಯಾನಿನ ಬುದ್ಧರನ್ನು ಸಿಡಿಸಿದರು. ಇದೆಲ್ಲ ಗೊತ್ತಿದ್ದು ಈಗ ಓದುವಾಗ, 1963ರ ಆ ಸೈಕಲ್ ಗಾಲಿಯ ಗೆರೆ ಎಷ್ಟು ಸಣ್ಣದು, ಎಷ್ಟು ನಿರುಪದ್ರವಿ ಎನ್ನಿಸುತ್ತದೆ. ಹೆದ್ದಾರಿಯ ಬಗ್ಗೆ ಆಕೆಯ ಅಳುಕು ತಪ್ಪಿನ ಕಾರಣಕ್ಕೆ ಬಂದರೂ ಪೂರ್ತಿ ಹುಸಿಯಾಗಲಿಲ್ಲ. ಚಹಾದಂಗಡಿಯ ಮುದುಕರಿಗೆ ಬಸ್ಸು ಬೇಕು, ಟ್ಯಾಂಕು ಬೇಡ. ಎರಡೂ ಒಂದೇ ಡಾಂಬರಿನ ಮೇಲೆ ಬರುತ್ತವೆ. ಈ ತೊಡಕನ್ನು ಮರ್ಫಿ ಬಿಡಿಸಲಿಲ್ಲವೆಂದು ದೂರುವ ನಾನೂ ಬಿಡಿಸಲಾರೆ.

ಎರಡನೆಯ ಆಕ್ಷೇಪ, ಜನಾಂಗಗಳ ಬಗ್ಗೆ ಆಕೆ ಕೊಡುವ ತೀರ್ಪುಗಳದು. ಸೈಕಲ್ ಸವಾರನಿಗೆ ಒಂದು ರೋಗವುಂಟು. ನನ್ನ ಒಂದು ದಿನದ ಅನುಭವದಿಂದಲೇ ಹೇಳುತ್ತೇನೆ. ಎದುರುಗಾಳಿ ಬೀಸಿದ ಸೀಮೆಯ ಜನರೆಲ್ಲ ಮುಂಗೋಪಿಗಳಾಗಿ ಕಾಣುತ್ತಾರೆ, ಇಳಿಜಾರಿನ ಕೆಳಗೆ ಸಿಕ್ಕವರೆಲ್ಲ ದೇವರಂಥವರು. ಇರಾನಿನಲ್ಲಿ ಸೈಕಲ್ ಕಸಿಯಲು ಬಂದವರ ಕಾಟವಾಯಿತು. ಆ ದೇಶದ ಮೇಲಿನ ಅಭಿಪ್ರಾಯಕ್ಕೆ ಆ ಬಣ್ಣ ಬಿತ್ತು. ಆಫ್ಘನ್ನರು ಅನ್ನವಿಟ್ಟರು; ಅವರ ತಪ್ಪುಗಳು ಮಾಫಿಯಾದವು. ಪಂಜಾಬಿನ ಜುಲೈ ಸೆಖೆಯಲ್ಲಿ ಬಸವಳಿದು ಬಂದದ್ದರಿಂದ ಇಂಡಿಯಾಕ್ಕೆ ಸಿಕ್ಕ ಪುಟಗಳೇ ಕಡಿಮೆ. ಹತ್ತನೆಯ ವಯಸ್ಸಿನಿಂದ ಬಯಸಿದ ದೇಶ ಬರುವ ಹೊತ್ತಿಗೆ ಪುಸ್ತಕ ಮುಗಿಯುತ್ತ ಬಂದಿರುತ್ತದೆ! ದಿನಚರಿಯ ಗುಣವೇ ಇಲ್ಲಿ ದೋಷವೂ ಹೌದು. ಅಂದಂದಿನ ಸಿಟ್ಟನ್ನು ಅಂದೇ ಅಂಚೆಗೆ ಹಾಕಿದರೆ ಪ್ರಾಮಾಣಿಕತೆ ಉಳಿಯುತ್ತದೆ, ಮರುದಿನದ ವಿವೇಕ ಸೇರುವುದಿಲ್ಲ. ಬರಹಗಾರನಿಗೆ ಎರಡೂ ಬೇಕು. ಆದರೂ, ಮರುದಿನದ ವಿವೇಕವೊಂದನ್ನೇ ತುಂಬಿಕೊಂಡ ನಮ್ಮ ಎಷ್ಟೋ ಪ್ರವಾಸ ಲೇಖನಗಳಿಗಿಂತ, ಬೆವರು ಆರದ ಈ ಸಿಟ್ಟೇ ಮೇಲೆಂದು ನನ್ನ ಪಕ್ಷ. ಇತಿಹಾಸ ಪುಸ್ತಕದಿಂದ ಎತ್ತಿದ ರಾಜರ ಇಸವಿಗಳನ್ನು ಅಲ್ಲಿ ಯಾರೂ ನಮ್ಮ ತಲೆಗೆ ತುಂಬುವುದಿಲ್ಲ.

ಇದೇ ಲೇಖಕಿ ಹತ್ತು ವರ್ಷಗಳ ಮೇಲೆ ನಮ್ಮ ನೆಲಕ್ಕೇ ಬಂದರೆಂಬುದು ಕನ್ನಡಿಗರಲ್ಲಿ ಬಹಳ ಮಂದಿಗೆ ತಿಳಿದಂತಿಲ್ಲ. 1973ರ ಕೊನೆಯಲ್ಲಿ ಐದು ವರ್ಷದ ಮಗಳು ರೇಚಲ್‌ಳ ಕೈ ಹಿಡಿದು ಮುಂಬಯಿಯಲ್ಲಿಳಿದು, ದಕ್ಷಿಣಕ್ಕೆ ಸಾಗಿ, ಕೊಡಗಿನಲ್ಲಿ ವಿರಾಜಪೇಟೆಗೆ ಸಮೀಪದ ದೇವಣಗೇರಿಯಲ್ಲಿ ಬಿಡಾರ ಹೂಡಿದರು. 1976ರಲ್ಲಿ ‘ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್’ ಬಂತು. ಈ ಸಲ ಸೈಕಲ್ಲಿಲ್ಲ, ಮಗುವಿದೆ. ಮಗುವಿಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಓರಗೆಯ ಮಕ್ಕಳು ಬೇಕಾಗುತ್ತಾರೆ. ದಿನಕ್ಕೆ ಎಂಬತ್ತು ಮೈಲಿಯ ಮಾತೇ ಇಲ್ಲ. ಗತಿ ನಿಂತದ್ದರಿಂದ ಗದ್ಯದ ಓಟ ಹೋಯಿತು. ಆ ನಷ್ಟ ಸಣ್ಣದಲ್ಲ. ಬಸ್ಸು ಕಾಯುವ ಪುಟಗಳಲ್ಲಿ ನಾನೂ ಆಕಳಿಸಿದ್ದೇನೆ. ಆದರೆ ಒಂದೇ ಊರಿನಲ್ಲಿ ವಾರಗಟ್ಟಲೆ ನೀರು ಸೇದಿ, ಅಡಿಗೆ ಮಾಡಿಕೊಂಡಿದ್ದಾಗ ನೆರೆಯವರು ನೆರೆಯವರಾಗುತ್ತಾರೆ. ದಾರಿಯಲ್ಲಿ ಒಂದು ಸಂಜೆ ಉಣ್ಣಿಸಿದ ‘ಆಫ್ಘನ್’ ಆಗಿ ಉಳಿಯುವುದಿಲ್ಲ. ಅವರವರ ಮನೆಯ ಮದುವೆ, ತೋಟ, ಹಬ್ಬ, ಸಾಲ ಎಲ್ಲ ಮಾತಿಗೆ ಬರುತ್ತವೆ. ಸೈಕಲ್ಲಿನಿಂದ ಇಳಿದ ಮೇಲೆ ಆಕೆಗೆ ಕಂಡ ಈ ಸಂಗತಿಗಳು ಮೊದಲ ಪುಸ್ತಕದ ಮೇಲಿನ ಒಳ್ಳೆಯ ಟೀಕೆಯೂ ಹೌದು. ಅದನ್ನು ಆಕೆಯೇ ಬರೆದಿದ್ದಾರೆ. ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ನ್ಯಾಯವಾದೀತು.

2022ರ ಮೇ ತಿಂಗಳಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಮರ್ಫಿ ತಾವು ಹುಟ್ಟಿದ ಲಿಸ್ಮೋರಿನಲ್ಲಿಯೇ ತೀರಿಕೊಂಡರು.

‘ಫುಲ್ ಟಿಲ್ಟ್’ ಓದಬಯಸುವವರಿಗೆ ನನ್ನ ಸಲಹೆ: ತೋಳ ಪಿಸ್ತೂಲುಗಳ ಆಸೆಯಿದ್ದವರು ಪೀಠಿಕೆಯನ್ನು ಓದಿ ಅಲ್ಲಿಯೇ ನಿಲ್ಲಬಹುದು, ಉಳಿದವರು ಅದನ್ನು ಕೊನೆಗೆ ಇಟ್ಟುಕೊಂಡು ತೆಹರಾನಿನಿಂದ ಆರಂಭಿಸುವುದು ಲೇಸು. ಒಂದೇ ಉಸಿರಿಗೆ ಓದಬೇಡಿ, ರಾತ್ರಿಗೊಂದು ದಿನದಂತೆ ಓದಿ. ಕೊನೆಯಲ್ಲಿ ಸಾಮಾನಿನ ಪಟ್ಟಿಯೊಂದಿದೆ, ಅದನ್ನೂ ಬಿಡಬೇಡಿ. ನನ್ನ ಮಗಳು ಪುಸ್ತಕದಲ್ಲಿ ಓದಿದ್ದು ಅದೊಂದನ್ನೇ. ಓದಿ, ಇಪ್ಪತ್ತೆಂಟು ಪೌಂಡು ಎಂದರೆ ಎಷ್ಟು ಕಿಲೊ ಎಂದು ಕೇಳಿದಳು. ಹದಿಮೂರಕ್ಕೆ ಸ್ವಲ್ಪ ಕಡಿಮೆ ಎಂದೆ. “ನಾವು ಊರಿಗೆ ಹೋಗುವಾಗ ಅಮ್ಮ ಒಂದೇ ಚೀಲಕ್ಕೆ ಅದಕ್ಕಿಂತ ಹೆಚ್ಚು ತುಂಬುತ್ತಾಳಲ್ಲ, ಅಪ್ಪ” ಎಂದಳು.